ದೀಪ ಉರಿಯುತ್ತಿದ್ದ ಬಾವಿ

ಕೊರೊನಾ ಹಾವಳಿ ತಣ್ಣಗಾದ ಮರುವರ್ಷದ ಬೇಸಿಗೆ. ನಾನಾಗ ಭಾಲ್ಕಿ ತಾಲ್ಲೂಕಿನಲ್ಲಿ ಹಳ್ಳಿಗಳ ಕುಡಿಯುವ ನೀರಿನ ಕೆಲಸ ನೋಡಿಕೊಳ್ಳುವ ಸಹಾಯಕ ಇಂಜಿನಿಯರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೇಸಿಗೆ ಬಂತೆಂದರೆ ನಮಗೆ ಬಾವಿ ಹುಡುಕುವ ಕೆಲಸ. ಊರಿನ ಬೋರ್‌ವೆಲ್ ಬತ್ತಿದರೆ ಹತ್ತಿರದ ಯಾರದಾದರೂ ಹೊಲದ ಬಾವಿಯನ್ನು ಗೊತ್ತುಮಾಡಿ, ಅಲ್ಲಿಂದ ಊರ ಟಾಕಿಗೆ ನೀರು ಏರಿಸಬೇಕು. ಅದಕ್ಕೂ ಮೊದಲು ಬಾವಿಯ ಹೂಳು ತೆಗೆಸಿ, ಸೆಲೆ ಎಷ್ಟಿದೆ ಎಂದು ಕಣ್ಣಾರೆ ನೋಡಬೇಕು.

ಆ ವರ್ಷ ಭಾತಂಬ್ರಾದಲ್ಲಿ ಗೌತಮ ಎಂಬ ರೈತರು ತಮ್ಮ ಬಾವಿ ಕೊಡಲು ಒಪ್ಪಿದ್ದರು. ಹೂಳು ತೆಗೆಯುವ ದಿನ ಬೆಳಿಗ್ಗೆ ಅವರ ಮನೆಯಲ್ಲಿ ಚಹಾ ಕುಡಿಯುವಾಗ ಅವರ ಸೋದರ ಸೊಸೆ ಸುಜಾತಾಳನ್ನು ಪರಿಚಯಿಸಿದರು. ಅವಳ ಊರು ಔರಾದ. ಅಲ್ಲಿನ ಸರಕಾರಿ ಶಾಲೆ, ಬೀದರಿನಲ್ಲಿ ಇಂಜಿನಿಯರಿಂಗ್, ಆಮೇಲೆ ವಿದ್ಯಾರ್ಥಿವೇತನದ ಮೇಲೆ ಫ್ರಾನ್ಸಿನ ಒಂದು ವಿಜ್ಞಾನ ಮತ್ತು ಇಂಜಿನಿಯರಿಂಗ್ ಶಾಲೆ. ಗಾಳಿಯಲ್ಲಿ ಸೇರಿದ ವಿಷಾನಿಲವನ್ನು ಗುರುತಿಸುವ ಸಣ್ಣ ಸೆನ್ಸರ್‌ಗಳ ಮೇಲೆ ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು, ರಜೆಗೆಂದು ಬಂದಿದ್ದಳು.

"ಸಾಹೇಬ್ರ, ಇಕಿ ಫ್ರಾನ್ಸಿಗೆ ಹೋಗಿ ಗಾಳಿ ಮೂಸೋದು ಕಲ್ತಾಳ್ರಿ" ಎಂದರು ಗೌತಮ. "ಅದಕ್ಕ ಅಷ್ಟು ದೂರ ಯಾಕ ಹೋಗ್ಬೇಕಿತ್ತು, ನಮ್ಮ ದನದ ಕೊಟಗಿಗಿ ಬಂದಿದ್ರ ಸಾಕಿತ್ತು."

"ನಿಮ್ಮ ಕೊಟಗ್ಯಾಗ ಮೂಸಿದ್ರ ಪಗಾರ ಕೊಡ್ತೀರೇನು ಮಾಮಾ?" ಎಂದಳು ಅವಳು.

ಈಗ ಆ ಶಾಲೆ ತಾನು ಹೆಮ್ಮೆಪಡುವ ಹಳೆಯ ವಿದ್ಯಾರ್ಥಿಗಳನ್ನು ಹೆಸರಿಸುವಾಗ ಸುಜಾತಾಳ ಹೆಸರನ್ನೂ ಹೇಳುತ್ತದೆ. ಅಲ್ಲಿ ಅವಳ ಸಂಶೋಧನೆಯ ಮಾತಿದೆ, ನಮ್ಮ ಕಡೆಯ ಪತ್ರಿಕೆಗಳೂ ಅದನ್ನೇ ಬರೆದವು. ನಾನು ಕಂಡದ್ದು ಬೇರೆ. ಅದನ್ನು ಕಂಡವರಲ್ಲಿ ಬರೆಯುವ ರೂಢಿ ಇರುವವನು ನಾನೊಬ್ಬನೇ. ಆದ್ದರಿಂದ ಬರೆಯುತ್ತಿದ್ದೇನೆ.

ಗೌತಮರ ಬಾವಿ ಹಳೆಯದು. ಹನ್ನೆರಡು ಅಡಿ ಅಗಲ, ಅರವತ್ತು ಅಡಿ ಆಳ. ಮೇಲೆ ಕಲ್ಲಿನ ಕಟ್ಟಡ, ಕೆಳಗೆ ಕರಿಬಂಡೆ. ಇಳಿಯಲು ಗೋಡೆಗೆ ಕಬ್ಬಿಣದ ಮೆಟ್ಟಿಲು ಹುಗಿದಿದ್ದರು. ನೀರಿಗೆ ತುಸು ಮೇಲೆ, ಬಂಡೆಯಲ್ಲೇ ಕಡಿದ ಒಂದು ಕಟ್ಟೆ. ಮೇಲಿಟ್ಟ ಪಂಪು ಸುಮಾರು ಇಪ್ಪತ್ತೈದು ಅಡಿಗಿಂತ ಆಳದ ನೀರನ್ನು ಹೀರಲಾರದು. ಅದು ಪಂಪಿನ ದೋಷವಲ್ಲ, ಗಾಳಿಯ ಒತ್ತಡಕ್ಕೇ ಇರುವ ಮಿತಿ. ಆ ಹೊಲದಲ್ಲಿ ಕರೆಂಟಿನ ಲೈನು ಇರಲಿಲ್ಲ. ಇಂಥ ಕಡೆ ನಮ್ಮ ರೈತರು ಸಣ್ಣ ಪೆಟ್ರೋಲ್ ಇಂಜಿನ್ನಿನ ಪಂಪಿಗೆ ಹಗ್ಗ ಕಟ್ಟಿ ಬಾವಿಯೊಳಗಿನ ಕಟ್ಟೆಗೇ ಇಳಿಸುತ್ತಾರೆ. ಎಷ್ಟೋ ಬಾವಿಗಳಲ್ಲಿ ನಾನು ಅದನ್ನು ನೋಡಿದ್ದೆ. ಅಂದೂ ಬೆಳಗಿನಿಂದ ಇಂಜಿನ್ ಒಳಗೇ ಓಡಿತ್ತು. ನಾನು ಪಕ್ಕದ ಊರಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ನೀರು ತಳ ಕಂಡಿತ್ತು, ಇಂಜಿನ್ ನಿಲ್ಲಿಸಿದ್ದರು. ಇನ್ನು ಅದನ್ನು ಮೇಲೆತ್ತಿ, ಹೂಳು ತೆಗೆಯಲು ಆಳು ಇಳಿಯಬೇಕಿತ್ತು.

ಬಾವಿಗೆ ಇಳಿಯುವ ಮೊದಲು ಕಂದೀಲು ಇಳಿಸಿ ನೋಡುವುದು ನಮ್ಮ ಕಡೆ ಯಾರೂ ತಪ್ಪಿಸದ ಪದ್ಧತಿ. ಸುತ್ತಲಿನ ಊರುಗಳಲ್ಲಿ ಬಾವಿ ಕೆಲಸಕ್ಕೆ ಹೆಸರಾದ ಇಸ್ಮಾಯಿಲ್ ಚಾಚಾ ಅಂದು ಆ ಕೆಲಸ ಮಾಡಿದರು. ಉರಿಯುವ ಕಂದೀಲನ್ನು ತಳದವರೆಗೂ ಬಿಟ್ಟು, ಒಂದು ಬೀಡಿ ಸೇದುವಷ್ಟು ಹೊತ್ತು ಕಾದು, ಎತ್ತಿದರು. ದೀಪ ಉರಿಯುತ್ತಲೇ ಬಂತು. "ಹವಾ ಸಾಫ್ ಅದ, ಇಳೀರಿ" ಎಂದರು.

ಗೌತಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿದರು. ಕಟ್ಟೆ ಮುಟ್ಟಿದ ಮೇಲೆ ಅದೇ ಹಗ್ಗ ಬಿಚ್ಚಿ ಇಂಜಿನ್ನಿಗೆ ಕಟ್ಟತೊಡಗಿದರು. ಇದೂ ಎಲ್ಲರೂ ಮಾಡುವುದೇ. ಇದ್ದದ್ದು ಒಂದು ಗಟ್ಟಿ ಹಗ್ಗ, ಮನುಷ್ಯ ಮೆಟ್ಟಿಲು ಹತ್ತಿ ಬರಬಲ್ಲ, ಇಂಜಿನ್ ಬರಲಾರದು.

"ಅಪ್ಪಾ, ಕಟ್ಟೀದಿ?" ಎಂದು ಅವರ ಮಗ ಮಿಲಿಂದ ಮೇಲಿನಿಂದ ಕೂಗಿದ.

"ಕಟ್ಟಲತ್ತೇನಿ. ಯಾಕೋ ತಲಿ ಜಡ ಆಗ್ಯಾದ."

ನಾನು ಬಗ್ಗಿ ನೋಡಿದೆ. ಅವರು ಕಟ್ಟೆಯ ಮೇಲೆ ಕೂತರು. ಇಂಜಿನ್ನಿಗೆ ಒರಗಿದರು. ಆಮೇಲೆ ಕತ್ತು ಒಂದು ಕಡೆ ವಾಲಿತು. ನಾವು ಎಷ್ಟು ಕೂಗಿದರೂ ಏಳಲಿಲ್ಲ.

ಅದೇ ಹೊತ್ತಿಗೆ ಗೌತಮರ ಹೆಂಡತಿ ಶಾಂತಾಬಾಯಿ ಮತ್ತು ಸುಜಾತಾ ಬುತ್ತಿ ತೆಗೆದುಕೊಂಡು ಹೊಲಕ್ಕೆ ಬಂದರು. ಚಾಚಾ ಮತ್ತೆ ಕಂದೀಲು ಇಳಿಸಿ, ಗೌತಮರ ತಲೆಯ ಪಕ್ಕಕ್ಕೇ ತಂದು ನಿಲ್ಲಿಸಿದರು. ದೀಪ ಅಲ್ಲಾಡದೆ ಉರಿಯಿತು.

"ಹವಾ ಅಲ್ಲ ಇದು. ಸಕ್ಕರಿ ಇಳದದ" ಎಂದ ಮಿಲಿಂದ. "ಮುಂಜಾನಿ ಗುಳಿಗಿ ನುಂಗಿ ಏನೂ ತಿಂದಿಲ್ಲ. ನಾ ಇಳಿತೇನಿ."

ಅವನ ಒಂದು ಕಾಲು ಮೊದಲ ಮೆಟ್ಟಿಲ ಮೇಲಿತ್ತು. ಸುಜಾತಾ ಓಡಿ ಬಂದು ಅವನ ತೋಳು ಹಿಡಿದಳು.

"ದೀಪ ಉರಿಲತ್ತದ ಅಕ್ಕಾ, ಕಾಣಂಗಿಲ್ಲೇನು? ಕೈ ಬಿಡು."

"ಕಾಣತದ. ಇಂಜಿನ್ ಎಲ್ಲಿ ಚಾಲೂ ಮಾಡಿದ್ರಿ?"

"ಅಲ್ಲೇ, ಕಟ್ಟಿ ಮ್ಯಾಲ."

"ಎಷ್ಟೊತ್ತು?"

"ಮುಂಜಾನಿಂದ."

ಅವಳು ಇನ್ನೊಂದು ಕೈಯಿಂದಲೂ ಅವನನ್ನು ಹಿಡಿದಳು. ಅವಳು ಹೇಳಿದ್ದನ್ನು ನಾನು ಆಮೇಲೆ ಓದಿ ತಿಳಿದುಕೊಂಡ ಮಾತಿನಲ್ಲಿ ಹೇಳುತ್ತೇನೆ. ಹಳೆಯ ಬಾವಿಯ ತಳದಲ್ಲಿ ಸಾಮಾನ್ಯವಾಗಿ ಸೇರಿಕೊಳ್ಳುವುದು ಕಾರ್ಬನ್ ಡೈಆಕ್ಸೈಡ್. ಅದು ತುಂಬಿದಲ್ಲಿ ಆಮ್ಲಜನಕ ಕಡಿಮೆಯಾಗಿ ದೀಪ ಆರುತ್ತದೆ. ಅದಕ್ಕೇ ಕಂದೀಲಿನ ಪದ್ಧತಿ ಎಷ್ಟೋ ಜೀವ ಉಳಿಸಿದೆ. ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿ ಇರುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ. ಮನುಷ್ಯನನ್ನು ಕೆಡವುವಷ್ಟು ಅದು ಇದ್ದರೂ ದೀಪ ಹಾಯಾಗಿ ಉರಿಯುತ್ತಿರುತ್ತದೆ.

"ಖಾತ್ರಿ ಏನಮ್ಮ?" ಎಂದು ಚಾಚಾ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಹತ್ರ ಮಷಿನ್ ಇಲ್ಲ ಚಾಚಾ. ಒಂದು ಕೋಳಿ ತರಿಸ್ರಿ. ಬುಟ್ಟ್ಯಾಗ ಹಾಕಿ ದೀಪದ ಜೋಡಿ ಇಳಿಸ್ರಿ."

ಶಾಂತಾಬಾಯಿ ಬಾವಿಯ ದಂಡೆಯಿಂದ ತಿರುಗಿದರು. "ನಮ್ಮವರು ಒಳಗ ಬಿದ್ದಾರ, ನಿನಗ ಕೋಳಿ ಬೇಕಾಗ್ಯಾದ? ಮಾಮಾ ಸಾಯೋದು ನಿಂತು ನೋಡು ಅಂತ ಫ್ರಾನ್ಸಿನ ಸಾಲ್ಯಾಗ ಕಲ್ಸ್ಯಾರೇನು?"

ಸುಜಾತಾ ಮಿಲಿಂದನ ಕೈ ಬಿಡಲಿಲ್ಲ.

"ಸಾಹೇಬ್ರ, ನೀವರ ಹೇಳ್ರಿ ಇಕಿಗಿ" ಎಂದು ಮಿಲಿಂದ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ಅಲ್ಲಿದ್ದ ಸರಕಾರಿ ಮನುಷ್ಯ ನಾನೊಬ್ಬನೇ. ಅವಳು ಹೇಳಿದ್ದು ನನಗೆ ಆಗ ಅರ್ಧ ಮಾತ್ರ ಅರ್ಥವಾಗಿತ್ತು. ಆದರೆ ಕೆಳಗೆ ಬಿದ್ದವರು ಅವಳ ಸ್ವಂತ ಸೋದರಮಾವ. ಗೊತ್ತಿಲ್ಲದೆ ಅಂಥ ಮಾತು ಯಾರೂ ಆಡಲಾರರು ಎಂದಷ್ಟೇ ನನಗೆ ತೋರಿತು. ನಾನು ಮಿಲಿಂದನ ಇನ್ನೊಂದು ತೋಳು ಹಿಡಿದೆ. ಅಗ್ನಿಶಾಮಕದವರಿಗೆ ಫೋನು ಹೋಗಿತ್ತು. ಕಬ್ಬಿನ ಗದ್ದೆಯೊಂದರ ಬೆಂಕಿಗೆ ಹೋಗಿದ್ದ ಗಾಡಿ ಅಲ್ಲಿಂದ ನೇರವಾಗಿ ಹೊರಟಿದೆ ಎಂದು ತಿಳಿಯಿತು. ಬರಲು ಹೊತ್ತಿತ್ತು.

ಪಕ್ಕದ ಗುಡಿಸಲಿನಿಂದ ಕೋಳಿ ಬಂತು. ಚಾಚಾ ಬುಟ್ಟಿಯನ್ನೂ ಕಂದೀಲನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಇಳಿಸಿದರು. ಮೊದಲು ಕೋಳಿ ಕೂಗುವುದು ಕೇಳಿಸಿತು. ಸ್ವಲ್ಪದರಲ್ಲೇ ಕೇಳಿಸದಾಯಿತು. ಎತ್ತಿದಾಗ ಕಂದೀಲು ಉರಿಯುತ್ತಿತ್ತು. ಕೋಳಿಯ ಕತ್ತು ಬುಟ್ಟಿಯ ಅಂಚಿನಿಂದ ಹೊರಗೆ ಜೋತುಬಿದ್ದಿತ್ತು. ಮಿಲಿಂದನ ತೋಳಿನ ಬಿಗಿ ನನ್ನ ಕೈಯೊಳಗೇ ಸಡಿಲವಾಯಿತು. ಅವನು ನೆಲಕ್ಕೆ ಕೂತುಬಿಟ್ಟ.

ಆಮೇಲೆ ಎಲ್ಲರಿಗೂ ಕೆಲಸ ಸಿಕ್ಕಿತು. ಚಾಚಾ ಬೇವಿನ ಟೊಂಗೆಗಳ ದೊಡ್ಡ ಕಟ್ಟು ಮಾಡಿ, ಹಗ್ಗಕ್ಕೆ ಬಿಗಿದು, ಬಾವಿಯಲ್ಲಿ ಮೇಲೆ ಕೆಳಗೆ ಎಳೆದಾಡಿ ಗಾಳಿ ಕಲಕತೊಡಗಿದರು. ಊರವರು ಇನ್ನೆರಡು ಗಟ್ಟಿ ಹಗ್ಗಗಳನ್ನೂ, ತೊಗರಿ ತೂರುವ ಫ್ಯಾನನ್ನು ಟ್ರ್ಯಾಕ್ಟರಿನ ಸಮೇತವೂ ತಂದರು. ಟ್ರ್ಯಾಕ್ಟರನ್ನು ದಂಡೆಗೇ ಹಚ್ಚಿ ನಿಲ್ಲಿಸಲು ಹೋದಾಗ ಸುಜಾತಾ ತಡೆದಳು. ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಯದೆಂದು ನೋಡಿ, ಅದರ ಹೊಗೆ ಬಾವಿಯಿಂದ ಆಚೆ ಹೋಗುವಂತೆ ತಿರುಗಿಸಿ ನಿಲ್ಲಿಸಿದಳು. ರಾಶಿ ಮುಚ್ಚುವ ತಾಡಪತ್ರಿಯನ್ನು ಕೊಳವೆಯಂತೆ ಸುತ್ತಿ, ಸುತಳಿಯಿಂದ ಹೊಲಿದು, ಒಂದು ಬಾಯಿ ಫ್ಯಾನಿಗೆ ಕಟ್ಟಿ, ಇನ್ನೊಂದನ್ನು ಕಟ್ಟೆಯವರೆಗೂ ಇಳಿಬಿಟ್ಟೆವು. ಫ್ಯಾನು ತಿರುಗಿದಾಗ ತಾಡಪತ್ರಿ ಉಬ್ಬಿ, ಕೆಳಗೆ ಗೌತಮರ ಅಂಗಿ ಅಲುಗಾಡುವುದು ಕಂಡಿತು.

ಅಷ್ಟು ಹೊತ್ತೂ ಶಾಂತಾಬಾಯಿ ದಂಡೆಯ ಮೇಲೆ ಬೋರಲು ಮಲಗಿ ಒಳಗೆ ಕರೆಯುತ್ತಿದ್ದರು. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಅವರಲ್ಲಿ ಇಲ್ಲ. "ಏನ್ರೀ, ಏನ್ರೀ" ಎಂದಷ್ಟೇ ಕರೆಯುತ್ತಿದ್ದರು. ಆ ದನಿ ಈಗಲೂ ನನಗೆ ಕೆಲವೊಮ್ಮೆ ಕೇಳಿಸುತ್ತದೆ.

ಎರಡನೆಯ ಕೋಳಿಯನ್ನು ಮೊದಲಿಗಿಂತ ಹೆಚ್ಚು ಹೊತ್ತು ಕೆಳಗೆ ಬಿಟ್ಟರು. ಅದು ಕೂಗುತ್ತಲೇ ಮೇಲೆ ಬಂತು. ಆಗ ಸುಜಾತಾ ಮಿಲಿಂದನ ಸೊಂಟಕ್ಕೆ ತಾನೇ ಹಗ್ಗ ಕಟ್ಟಿದಳು.

"ಇದನ್ನ ಬಿಚ್ಚಬ್ಯಾಡ. ಮಾಮಾಗ ಬ್ಯಾರೆ ಹಗ್ಗ ಒಯ್ಯಿ. ಹೋಗಿ ಬರೋತನಕ ಹದಿನೇಳರ ಮಗ್ಗಿ ಜೋರಾಗಿ ಅನ್ನು. ತಪ್ಪಿದ್ರ ಎಳದ್ ಬಿಡ್ತೇವಿ."

ತಲೆ ಮಂಕಾದರೆ ಮೊದಲು ತಪ್ಪುವುದು ಲೆಕ್ಕ ಎಂದು ಅವಳ ವಿಚಾರ. ಮಿಲಿಂದ ಮಗ್ಗಿ ಹೇಳುತ್ತ ಇಳಿದ. ತಂದೆಯ ಬಗಲಿಗೆ ಹಗ್ಗ ಸುತ್ತುವಾಗ ಹದಿನೇಳು ಎಂಟ್ಲೆ ಎಂದು ನಿಂತುಬಿಟ್ಟ.

"ಮಿಲಿಂದ," ಎಂದಳು ಸುಜಾತಾ. ಹಗ್ಗ ಹಿಡಿದಿದ್ದವರೆಲ್ಲ ಕಾಲೂರಿ ನಿಂತರು.

"ಎಳೀಬ್ಯಾಡ್ರಿ, ಹುಷಾರ್ ಇದ್ದೇನಿ" ಎಂದು ಕೆಳಗಿನಿಂದ ದನಿ ಬಂತು. "ಇದು ನನಗ ಸಾಲ್ಯಾಗೂ ಬರ್ತಿದ್ದಿಲ್ಲಕ್ಕಾ."

ಇಬ್ಬರೂ ಮೇಲೆ ಬಂದರು. ಗೌತಮರಿಗೆ ಎಚ್ಚರವಿರಲಿಲ್ಲ, ಆದರೆ ಉಸಿರಿತ್ತು. ಅಗ್ನಿಶಾಮಕದವರು ಅಷ್ಟರಲ್ಲಿ ತಲುಪಿ, ಅಲ್ಲೇ ಆಮ್ಲಜನಕ ಹಚ್ಚಿದರು. ಮೊದಲು ಭಾಲ್ಕಿ, ಅಲ್ಲಿಂದ ಬೀದರಿಗೆ ಕರೆದೊಯ್ದರು. ರಕ್ತ ಪರೀಕ್ಷೆಯಲ್ಲಿ ಸುಜಾತಾ ಹೇಳಿದ ಅನಿಲವೇ ಕಂಡುಬಂತು. ಜೀವ ಉಳಿಯುತ್ತದೆ, ಆದರೆ ಮಿದುಳಿಗೆ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ತಿಳಿಸಿದರು. ಬೇಗ ತೆಗೆದಿದ್ದರೆ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲವೇ ಎಂದು ಶಾಂತಾಬಾಯಿ ಕೇಳಿದರು. ಹೌದು ಎಂದರು ಡಾಕ್ಟರು. ಇಳಿದವನು ತಾನೂ ಅಲ್ಲೇ ಬೀಳುತ್ತಿದ್ದ ಎಂಬುದನ್ನೂ ಹೇಳಿದರು. ಶಾಂತಾಬಾಯಿ ಮೊದಲ ಮಾತನ್ನಷ್ಟೇ ಕೇಳಿಸಿಕೊಂಡಂತೆ ಕಂಡಿತು. ಸುಜಾತಾ ರಜೆ ಮುಗಿಸಿ ಹೊರಡುವವರೆಗೂ ಅವರು ಅವಳೊಂದಿಗೆ ಮಾತಾಡಲಿಲ್ಲ.

ಹೊರಡುವ ಮೊದಲು ಬೀದರಿನ ಬಸ್ ನಿಲ್ದಾಣದಲ್ಲಿ ಸುಜಾತಾ ಸಿಕ್ಕಿದ್ದಳು. ಕೋಳಿಯ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದೆ.

"ನಮ್ಮ ಸಾಲ್ಯಾಗ ಒಂದು ಉದ್ದನ ಪಡಸಾಲಿ ಅದ ಸರ್. ಅಲ್ಲಿ ಕಲ್ತು ದೊಡ್ಡವರಾದವರ ಫೋಟೋ ಹಾಕ್ಯಾರ. ಬಂದವರೆಲ್ಲ ಅವನ್ನ ನೋಡ್ತಾರ. ಕಡೀಗಿ ಒಂದು ಗಾಜಿನ ಪೆಟಗ್ಯಾಗ ಸಣ್ಣ ಪಂಜರ ಇಟ್ಟಾರ. ಹಿಂದ ಅಲ್ಲಿ ಕಲ್ತವರು ಗಣಿ ಒಳಗ ಹಕ್ಕಿ ಒಯ್ತಿದ್ರಂತ, ಕೆಟ್ಟ ಹವಾ ಇದ್ರ ಮನಷ್ಯಾರಕಿಂತ ಮೊದಲ ಅದು ಬೀಳ್ತದ. ನಾ ಮಾಡೋ ಸೆನ್ಸರ್ ಅದರ ಕೆಲಸಾನೇ ಮಾಡೋದ್ರಿ." ಆಮೇಲೆ ಹೇಳಿದಳು: "ಆವತ್ತು ಮೊದಲ್ನೇ ಕೋಳಿ ಜೀವಂತ ಬಂದಿದ್ರ ನಮ್ಮತ್ತಿ ಮುಂದ ನಾ ಏನ್ ಹೇಳ್ಬೇಕಿತ್ತು ಅಂತ ರಾತ್ರೆಲ್ಲ ಯೋಚನಿ ಬರತದ."

ಬಸ್ಸು ಬಂತು.

ಉಳಿದ ಎರಡು ವರ್ಷ ನನ್ನ ಕೈಕೆಳಗಿನ ಯಾವ ಬಾವಿಗೂ ಇಂಜಿನ್ ಇಳಿಸಲು ಬಿಡಲಿಲ್ಲ. ಇಳಿದವರ ಸೊಂಟದ ಹಗ್ಗ ಬಿಚ್ಚಲೂ ಬಿಡಲಿಲ್ಲ. ಚಾಚಾ ಈಗಲೂ ಕಂದೀಲು ಇಳಿಸುತ್ತಾರೆ, ಆದರೆ ಅದಕ್ಕೂ ಮೊದಲು ಒಳಗೆ ಏನು ಓಡಿಸಿದ್ದರು ಎಂದು ಕೇಳುತ್ತಾರೆ. ಈ ನೌಕರಿ ನನಗೆ ಕಲಿಸಿದ್ದೂ ಅಷ್ಟೇ. ಪರೀಕ್ಷೆ ಮಾಡಿದ್ದೇವೆ ಎಂದು ಯಾರಾದರೂ ಹೇಳಿದರೆ, ಯಾವುದಕ್ಕಾಗಿ ಮಾಡಿದಿರಿ ಎಂದು ಕೇಳಬೇಕು. ಕೇಳುವವರು ಕೆಟ್ಟವರಾಗಿ ಕಂಡರೂ ಕೇಳಬೇಕು.

ಹೋದ ತಿಂಗಳು ಭಾತಂಬ್ರಾಕ್ಕೆ ಹೋಗಿದ್ದೆ. ಗೌತಮರ ಕೈ ನಡುಗುತ್ತದೆ. ಹಳೆಯದೆಲ್ಲ ಅವರಿಗೆ ನೆನಪಿದೆ, ಹೊಸದು ನಿಲ್ಲುವುದಿಲ್ಲ. ನನ್ನ ಗುರುತು ಹಿಡಿದು, ಕೂರಿಸಿ, ಚಹಾ ಹೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಸಾಹೇಬ್ರ, ಆವತ್ತು ನನ್ನ ಬೆನ್ನಿಗೇ ಮಿಲಿಂದನೂ ಇಳದನೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿದ್ದ ಶಾಂತಾಬಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅಲ್ಲಿಂದಲೇ ಹೇಳಿದರು: "ಇಲ್ರೀ. ಸುಜಾತಾ ಅವನ ಕೈ ಬಿಟ್ಟಿಲ್ಲ."

"ಛಲೋ ಮಾಡ್ಯಾಳ" ಎಂದು ಗೌತಮ ತಲೆಯಾಡಿಸಿದರು. ಮುಖದ ಬಿಗಿ ಇಳಿಯಿತು. ಚಹಾ ಬಂತು. ಅದು ಮುಗಿಯುವ ಮೊದಲೇ ಅವರು ಮತ್ತೆ ಅದನ್ನೇ ಕೇಳಿದರು. ಶಾಂತಾಬಾಯಿ ಮತ್ತೆ ಅದನ್ನೇ ಹೇಳಿದರು.