ಗೀರು ಹಾಕಿ ಕೊಟ್ಟ ಕಲ್ಲುಗಳು

ನಮ್ಮಣ್ಣ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ನಿವೃತ್ತಿಯಾದದ್ದು ನೌಕರಿಗೆ ಮಾತ್ರ, ಅನುಮಾನಕ್ಕಲ್ಲ. ಮನೆಗೆ ಬಂದ ಹಾಲಿಗೆ ಬೆರಳದ್ದಿ ನೋಡುತ್ತಾನೆ. ಒಡಹುಟ್ಟಿದ ತಂಗಿ ನಾನು ಹೋದರೂ, “ಏನು ವಿಷಯ? ಸುಮ್ಮನೆ ಬರೋಳಲ್ಲ ನೀನು” ಎನ್ನುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ತದ್ವಿರುದ್ಧ. ಯಾರು ಏನೆಂದರೂ ನಂಬುವ ಜೀವ. ಅಣ್ಣನಿಗೆ ವರ್ಗವಾದ ಕಡೆಯಲ್ಲೆಲ್ಲ ನದಿ ದಂಡೆಯಿಂದ ಕಲ್ಲು ಆರಿಸಿ ತಂದು, ಕಿಟಕಿಯ ಕೆಳಗೆ ಸ್ಟೀಲ್ ಬೇಸಿನ್ನಿನಲ್ಲಿ ಇಟ್ಟುಕೊಂಡಿದ್ದಳು. ಈಚೆಗೆ ಕಣ್ಣು ಮಂಜಾಗಿದೆ. ಆದರೂ ಯಾವುದೇ ಕಲ್ಲು ಕೊಡಿ, ಹೆಬ್ಬೆರಳಿನಿಂದ ಸವರಿ ಹೇಳುತ್ತಿದ್ದಳು. “ಮೊಣಕೈ ಥರ ಬಾಗಿದೆ, ಇದು ಮೊದಲು ವರ್ಗವಾದ ಊರಿನದು. ಈ ಗುಳಿ ಇರೋದು ಮಗಳು ಹುಟ್ಟೋಕೆ ಮುಂಚಿನದು.” ಒಮ್ಮೆಯೂ ತಪ್ಪಿದ್ದಿಲ್ಲ.

“ರೀ, ಕಲ್ಲಿಗೆ ಹೊಳಪು ಕೊಡೋ ಮೆಷಿನ್ ಇದೆಯಂತೆ,” ಎಂದಳು ಒಂದು ದಿನ. “ನೀರೊಳಗಿದ್ದಾಗ ಎಷ್ಟು ಬಣ್ಣ ಇತ್ತು! ಇನ್ನೊಂದು ಸಲ ಕಣ್ಣಿಗೆ ಕಾಣಿಸಲಿ.”

ಅಂಗಡಿಗೆ ಅಣ್ಣನ ಜೊತೆ ನಾನೂ ಹೋದೆ. ಇದ್ದದ್ದು ಎರಡು ಬಗೆ.

“ಈ ಡ್ರಮ್ಮು ಕಲ್ಲನ್ನ ಉರುಳಿಸಿ ಉರುಳಿಸಿ ಗುಂಡಗೆ ಮಾಡುತ್ತೆ ಸಾರ್,” ಎಂದ ಅಂಗಡಿಯವನು. “ಆಕಾರ ಹಾಗೇ ಉಳೀಬೇಕು ಅಂದ್ರೆ ಈ ನಡುಗೋ ಮೆಷಿನ್ ತಗೊಳ್ಳಿ. ಸ್ವಲ್ಪ ದುಬಾರಿ.”

ದುಬಾರಿ ಎಂದದ್ದೇ ತಡ, ಅಣ್ಣ ನನ್ನನ್ನು ಪಕ್ಕಕ್ಕೆಳೆದ. “ನೋಡಿದ್ಯಾ? ದುಬಾರಿದೇ ಒಳ್ಳೇದಂತೆ! ಇಂಥವರನ್ನ ಎಷ್ಟು ಜನರನ್ನ ನೋಡಿಲ್ಲ ನಾನು?”

“ಅತ್ತಿಗೆ ಗುರುತು ಹಿಡಿಯೋದೇ ಆಕಾರದಿಂದ ಅಲ್ವೇನೋ ಅಣ್ಣಾ?”

“ನಿನಗೂ ಕಮಿಷನ್ ಕೊಡ್ತಾನಾ?”

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಅಣ್ಣ ಡ್ರಮ್ಮನ್ನೇ ಆರಿಸಿದ. ಅದೂ ಮೊದಲ ಸಲ ಅಂಗಡಿಯಲ್ಲೇ ಅತ್ತಿಗೆಯ ಕಲ್ಲು ಹಾಕಿ ತೋರಿಸಬೇಕು, ಆಮೇಲೆ ದುಡ್ಡು ಎಂದು ಷರತ್ತು. ಕಲ್ಲುಗಳನ್ನು ಬದಲಾಯಿಸಿಬಿಟ್ಟರೆ? ಅದಕ್ಕೆ ಒಂದೊಂದರ ಮೇಲೂ ಕಬ್ಬಿಣದ ಅರದ ಅಂಚಿನಿಂದ, ಟಿಕೆಟ್ಟಿನ ಮೇಲೆ ಹಾಕುತ್ತಿದ್ದ ಹಾಗೇ, ಗೀರು ಎಳೆದು ಕೊಟ್ಟ.

ಕೆಲವು ವಾರಗಳ ಮೇಲೆ ಹೋದರೆ ಕಲ್ಲುಗಳು ಗೋಲಿಯಂತೆ ಗುಂಡಗೆ, ಥಳಥಳ ಹೊಳೆಯುತ್ತಿದ್ದವು. ಗೀರು ಒಂದರಲ್ಲೂ ಇಲ್ಲ. ಅಣ್ಣ ಹಾವು ತುಳಿದವನಂತೆ ಹಾರಿದ. “ನನ್ನ ಗುರುತೆಲ್ಲಿ? ಯಾರ ಕಲ್ಲಿವು?”

“ಗೀರು ಅಳಿಸೋದೇ ಇದರ ಕೆಲಸ ಅಲ್ವಾ ಸಾರ್?”

ತೆಪ್ಪಗೆ ಒಪ್ಪಿ ದುಡ್ಡು ಎಣಿಸಿದ ಅಣ್ಣನ ಮುಖ ನೋಡಿ ನಗು ತಡೆದುಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆ ನಗು ಮನೆ ಸೇರುವವರೆಗೆ ಮಾತ್ರ.

ಅತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದು, “ಎಷ್ಟು ಚೆಂದ!” ಎಂದಳು. ಆಮೇಲೆ ಹೆಬ್ಬೆರಳು ಸವರತೊಡಗಿತು. ಒಂದನ್ನಿಟ್ಟು ಇನ್ನೊಂದು ತೆಗೆದುಕೊಂಡಳು. ಬಾಗು ಹುಡುಕಿದಳು, ಗುಳಿ ಹುಡುಕಿದಳು. ಎಲ್ಲ ಒಂದೇ ನುಣುಪು.

“ರೀ, ನಿಜ ಹೇಳಿ,” ಎಂದಳು ಮೆಲ್ಲಗೆ. “ಇವು ನಮ್ಮವಲ್ಲ ಅಲ್ವಾ? ಕಳೆದುಹೋದ್ವಾ? ನಾನು ಬೇಜಾರು ಮಾಡ್ಕೋತೀನಿ ಅಂತ ಬೇರೆ ತಂದ್ರಾ?”

“ಅಯ್ಯೋ, ನಿನ್ನಾಣೆ, ನಮ್ಮವೇ ಕಣೇ!” ಅಣ್ಣ ನನ್ನತ್ತ ತಿರುಗಿದ. “ನೀನಾದ್ರೂ ಹೇಳೇ.”

“ನಮ್ಮವೇ ಅತ್ತಿಗೆ,” ಎಂದೆ.

“ನೀನು ಅವರ ತಂಗಿ ತಾನೇ,” ಎಂದಳು ಅತ್ತಿಗೆ. “ಇನ್ನೇನು ಹೇಳ್ತೀಯ?”

ಅಷ್ಟು ವರ್ಷ ಟಿಕೆಟ್ ಎಲ್ಲಿ ಎಂದು ಜನರ ಜೇಬು ತಡಕಿಸಿದ ಅಣ್ಣ, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ, ತನ್ನ ಜೇಬುಗಳನ್ನು ಒಂದೊಂದಾಗಿ ತಡಕತೊಡಗಿದ.