ಹಿಂದಿನಿಂದ ಪುಸ್ತಕ ತೆರೆಯುತ್ತಿದ್ದ ಮಾವ

ನಮ್ಮ ಮಾವ ಚೌಡಯ್ಯನವರು ಯಾವ ಪುಸ್ತಕವನ್ನೂ ಮುಂದಿನಿಂದ ತೆರೆದವರಲ್ಲ. ಕೈಗೆ ಬಂದ ಕೂಡಲೆ ಬೋರಲು ಮಾಡಿ ಹಿಂದಿನ ರಟ್ಟು ಎತ್ತುವರು. ಕೊನೆಯ ಹಾಳೆಗಳಲ್ಲಿ ಊರುಗಳ ಹೆಸರನ್ನು ಸಾಲಾಗಿ ಅಚ್ಚು ಹಾಕಿರುತ್ತಾರಲ್ಲ, ಅದರ ಮೇಲೆ ಅವರ ಬೆರಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಬಣ್ಣದ ನೂಲು ಮುಟ್ಟಿ ಮುಟ್ಟಿ ಉಗುರು ನೇರಳೆಯಾಗಿದ್ದ ಬೆರಳು. ಒಂದು ಕಡೆ ನಿಲ್ಲುವುದು, ಇನ್ನೊಮ್ಮೆ ಮೇಲಕ್ಕೆ ಹೋಗಿ ಮತ್ತೆ ಇಳಿಯುವುದು. ಆಮೇಲೆ ರಟ್ಟು ಮುಚ್ಚುವರು. ಮುಚ್ಚಿದ ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು, ಇದರಲ್ಲೂ ಇಲ್ಲ ಅಂತ.

"ಯಾಕ್ ಮಾವ ಹಿಂದಿಂದ ನೋಡ್ತೀರಾ?" ಎಂದು ಒಮ್ಮೆ ಕೇಳಿದ್ದೆ.

"ಸೀರೆ ತಗಳೋಳು ಮೊದ್ಲು ಸೆರಗು ನೋಡ್ತಾಳಾ, ಒಡಲು ನೋಡ್ತಾಳಾ? ನೇಯೋರ್ ಮನೆ ಸೊಸೆ, ಇದೂ ಏಳ್ಕೊಡ್ಬೇಕಾ ನಿಂಗೆ?" ಅಂದರು.

ಮಾತು ಚೆನ್ನಾಗಿತ್ತು. ನಿಜ ಅದಲ್ಲ.

ನಿಜ ಇದು. ನಾನು ಎಡಪ್ಪಾಡಿಯಿಂದ ಸೇಲಂನ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಎರಡು ಮಗ್ಗ, ಮಾವ, ನನ್ನ ಗಂಡ, ನಾದಿನಿ ರತ್ನ. ಅತ್ತೆ ಆಗಲೇ ತೀರಿಹೋಗಿದ್ದರು. ರತ್ನನೂ ನಾನೂ ಒಂದೇ ವಾರಿಗೆಯವರು. ಇಸವಿ ಅರವತ್ತೊಂಬತ್ತೋ ಎಪ್ಪತ್ತೋ ಇರಬೇಕು, ನೂಲಿನ ಮೂಟೆ ಇಳಿಸಲು ಬೀದಿಗೆ ಬರುತ್ತಿದ್ದ ಶಂಕಗಿರಿಯ ಲಾರಿ ಡ್ರೈವರ್ ಒಬ್ಬನ ಜೊತೆ ಅವಳು ಹೊರಟುಹೋದಳು. ಅವನು ನಮ್ಮ ಜನ ಅಲ್ಲ. ಕದ್ದೇನೂ ಹೋಗಲಿಲ್ಲ, ಅಪ್ಪನ ಎದುರು ನಿಂತು ಹೇಳಿಯೇ ಹೋದಳು. ಮಾವ, "ಓಗು. ಈ ಬೀದಿ ಕಡೆ ತಲೆ ಆಕ್ಕೊಂಡೂ ಮಲಗ್ಬೇಡ" ಅಂದರು. ಅವಳು ಹಾಗೇ ಮಾಡಿದಳು. ಅಪ್ಪನ ಹಟವೇ ಮಗಳಿಗೂ ಬಂದಿತ್ತು.

ಬಹಳ ದಿನ ಸುದ್ದಿ ಇರಲಿಲ್ಲ. ಆಮೇಲೊಂದು ದಿನ ಶಂಕಗಿರಿಯ ಇನ್ನೊಬ್ಬ ಡ್ರೈವರ್, ಪಳನಿ ಅಂತ, ನಮ್ಮ ಜಗಲಿಯ ಮುಂದೆ ಬಂದು ನಿಂತು, "ಉಂಗ ಪೊಣ್ಣು ನಲ್ಲಾ ಇರುಕ್ಕುದುಂಗ ಅಯ್ಯಾ" ಅಂದ. ನಿಮ್ಮ ಹುಡುಗಿ ಚೆನ್ನಾಗಿದ್ದಾಳೆ ಅಂತ. ಉತ್ತರದಲ್ಲಿ ಬಸ್ತರ ಅನ್ನುವ ಕಾಡುಸೀಮೆಯಂತೆ, ಅಲ್ಲಿ ಕಬ್ಬಿಣದ ಮಣ್ಣು ಅಗೆಯುವ ಗುಡ್ಡವಂತೆ, ಗುಡ್ಡದ ಬುಡಕ್ಕೆ ಕಿರಂದೂಲ್ ಅಂತ ಊರಂತೆ. ಗಂಡ ಮಣ್ಣು ಹೊರುವ ಲಾರಿ ಓಡಿಸುತ್ತಾನಂತೆ. ಮಾವ ಮಗ್ಗದಲ್ಲಿ ಕಡಿದ ಎಳೆ ಗಂಟು ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಕಿವಿಗೆ ಬೀಳಲೇ ಇಲ್ಲ ಅನ್ನುವ ಹಾಗೆ ಕೂತಿದ್ದರು. ಮುಂದಿನ ಮಂಗಳವಾರ ಶೆವ್ವಾಪೇಟೆ ಸಂತೆಯಿಂದ ಬಂದಾಗ ಕಂಕುಳಲ್ಲಿ ಒಂದು ಪುಸ್ತಕವಿತ್ತು.

"ಇದೇನ್ ಮಾವ?"

"ಸುಮ್ಕೆ. ದೇಶ ನೋಡಾಕೆ."

ಅಲ್ಲಿಂದ ಶುರುವಾಯಿತು. ಸಂತೆಯಲ್ಲಿ ಗೋಣಿ ಹಾಸಿ ಹಳೇ ಪುಸ್ತಕ ಮಾರುವ ಭಾಯಿ ಒಬ್ಬನಿದ್ದ. ಯೇರ್ಕಾಡಿನ ಕಾಫಿ ತೋಟದ ಬಿಳಿಯರು ಬಂಗಲೆ ಮಾರಿ ಹೋಗುವಾಗ ಬಿಟ್ಟುಹೋದ ಪುಸ್ತಕಗಳೆಲ್ಲ ಅವನ ಗೋಣಿಗೇ ಇಳಿಯುತ್ತಿದ್ದವು. ಮಾವನನ್ನು ದೂರದಿಂದ ಕಂಡರೇ, "ಎನ್ನ ಚೆಟ್ಟಿಯಾರೇ, ಇನ್ನಿಕ್ಕು ಎಂದ ಊರು ಪಯಣಂ?" ಎಂದು ಕೂಗುವನು, ಇವತ್ತು ಯಾವ ಊರಿಗೆ ಪ್ರಯಾಣ ಅಂತ. ಮಾವ ಕುಕ್ಕುರುಗಾಲಲ್ಲಿ ಕೂತು ಪುಸ್ತಕ ಬೋರಲು ಹಾಕುವರು. ತಮಿಳು ಅವರಿಗೆ ಚೆನ್ನಾಗಿ ಬರುತ್ತಿತ್ತು. ಇಂಗ್ಲಿಷ್ ಅಕ್ಷರ ನೂಲಿನ ಮೂಟೆಯ ಮೇಲಿನ ಅಚ್ಚು ನೋಡಿ ಕಲಿತದ್ದು, ಊರ ಹೆಸರು ಕೂಡಿಸಿಕೊಳ್ಳುವಷ್ಟು.

ಹುಡುಕಿದ್ದು ಸಿಗದಿದ್ದರೂ ತಂದದ್ದು ತಮಿಳಿನದಾದರೆ ಓದದೆ ಬಿಡುತ್ತಿರಲಿಲ್ಲ. ಸಂಜೆ ನಾನು ರಾಟೆ ತಿರುಗಿಸುತ್ತಾ ಕಂಡಿಕೆಗೆ ನೂಲು ಸುತ್ತುತ್ತಿದ್ದರೆ, ಅವರು ಎದುರು ಕೂತು ಕಣ್ಣಲ್ಲಿ ತಮಿಳು ಓದಿ ಬಾಯಲ್ಲಿ ಕನ್ನಡ ಹೇಳುವರು. ನಡುನಡುವೆ ಬರೆದವನಿಗೆ ಬೈಗಳ.

"ಅರ್ಧ ಬುಕ್ ಆಯ್ತು, ಇನ್ನಾ ಮನೆ ಬಿಟ್ಟಿಲ್ಲ ಇವ್ನು. ಅವ್ವ ಅತ್ಲು, ಎಂಡ್ತಿ ಅತ್ಲು, ಮಾಲೆ ಆಕಿದ್ರು. ರೈಲ್ ಅತ್ತಲಾ ಮೂದೇವಿ!"

ಇನ್ನೊಬ್ಬನಿಗೆ, "ಎಲ್ಲಾ ಊರೂ ಚೆಂದ ಅಂತವ್ನೆ. ಎಲ್ಲೂ ಬಸ್ ತಪ್ಪಿಲ್ಲ, ಒಟ್ಟೆ ಕೆಟ್ಟಿಲ್ಲ, ಯಾವನೂ ಬೈದಿಲ್ಲ. ಇವ್ನು ಓಗೇ ಇಲ್ಲ ಕಣಮ್ಮಾ, ಮನೇಲಿ ಕೂತ್ಕೊಂಡ್ ಬರ್ದವ್ನೆ."

ಗೈಡ್ ಪುಸ್ತಕವಾದರೆ ಮೊದಲು ಸೇಲಂ ಬಗ್ಗೆ ಏನಿದೆ ಎಂದು ತೆಗೆಯುವರು. "ಮಾವಿನಣ್ಣು ಅಂತೆ, ಯೇರ್ಕಾಡ್ ಗುಡ್ಡ ಅಂತೆ. ಬೀದಿಬೀದೀಲಿ ಮಗ್ಗ ಬಡೀತೈತೆ, ಕಿವಿ ಇರ್ಲಿಲ್ವಾ ಇವ್ನಿಗೆ? ನಮ್ಮೂರ್ನ ಇಂಗ್ ನೋಡ್ದೋನು ಬ್ಯಾರೆ ಊರ್ನ ಏನ್ ನೋಡಿರ್ತಾನೆ?" ಅಂತ ಮೂಲೆಗೆ ಎಸೆಯುವರು. ಮೆಚ್ಚಿದ್ದು ಒಂದೇ ಒಂದು ತೆಳ್ಳನೆಯ ಪುಸ್ತಕ. ರಟ್ಟು ಹರಿದುಹೋಗಿ ಬರೆದವನ ಹೆಸರೂ ಇರಲಿಲ್ಲ. ಯಾವ ಊರ ಬಾವಿ ನೀರು ಉಪ್ಪು, ಯಾವ ಛತ್ರದವನು ಕತ್ತಲಾಗುವ ಮುಂಚೆಯೇ ಬಾಗಿಲು ಹಾಕುತ್ತಾನೆ, ಯಾವ ಸ್ಟೇಷನ್ನಿನಲ್ಲಿ ತಾನು ಒಬ್ಬನೇ ಕೂತು ಅತ್ತಿದ್ದ ಅಂತೆಲ್ಲ ಅದರಲ್ಲಿತ್ತು. "ಇವ್ನು ಓಗವ್ನೆ" ಅಂದರು ಮಾವ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾನು ಕೇಳಿಲ್ಲ.

ಪಕ್ಕದ ಮನೆ ಜಯಕ್ಕ ರಾಮೇಶ್ವರಕ್ಕೆ ಹೊರಟಾಗ ಪುಸ್ತಕ ಕೇಳಲು ಬಂದಳು. ದಪ್ಪದ್ದು, ಗುಡಿ ಚಿತ್ರ ಇರುವುದು ಬೇಕು ಅಂದಳು. ಮಾವ ಆ ಹರಿದದ್ದನ್ನೇ ಕೊಟ್ಟರು. ತಿರುಗಿ ಬಂದವಳು ಪುಸ್ತಕ ಜಗಲಿಯ ಮೇಲಿಟ್ಟು, "ದೇವ್ರ ಬಗ್ಗೆ ಒಂದಕ್ಸರ ಇಲ್ಲ ಚೌಡಣ್ಣ ಇದ್ರಾಗೆ. ಆದ್ರೂ ಇದಿಲ್ದಿದ್ರೆ ಬೀದೀಲಿ ಮಲಗ್ತಿದ್ವಿ" ಅಂದಳು. ಅಷ್ಟಕ್ಕೇ ಬಿಡಬಾರದೇ? "ಇಷ್ಟೆಲ್ಲಾ ತಿಳ್ಕೊಂಡು ನೀವು ಧರ್ಮಪುರಿ ದಾಟಿಲ್ವಲ್ಲ!" ಅಂತ ನಕ್ಕಳು. ಮಾವ ಎದ್ದು ಒಳಗೆ ಹೋದರು.

ಬೀದಿಯವರು ಪುಸ್ತಕದ ಹುಚ್ಚು ಅನ್ನುತ್ತಿದ್ದರು. ಅನ್ನಲಿ ಅಂತಲೇ ಮಾವನೂ ಬಿಟ್ಟಿದ್ದರು. ಮನೆಯಲ್ಲಿ ಅವರ ಜೊತೆ ಕೂತು ಮಾತಾಡುತ್ತಿದ್ದವಳು ರತ್ನ ಒಬ್ಬಳೇ, ಅವಳೂ ಹೋಗಿಯಾಗಿತ್ತು. ನನ್ನ ಗಂಡ ನೂಲು, ಬಣ್ಣ, ಕೂಲಿ ಬಿಟ್ಟರೆ ಅಪ್ಪನ ಹತ್ತಿರ ಬೇರೆ ಮಾತಿಗೆ ಬಾಯಿ ತೆರೆದವರಲ್ಲ. ನಾನು ಎಷ್ಟಿದ್ದರೂ ಹೊರಗಿನಿಂದ ಬಂದವಳು. ಮಾವ ಒಬ್ಬರೇ ಉಂಡು, ಬಂಗಲೆಯಿಂದ ಬಂದ ಭಾರದ ಅಟ್ಲಾಸನ್ನು ಚಾಪೆಯ ಮೇಲೆ ಬಿಡಿಸಿ, ಮಗ್ಗದ ಹಾಸಿನ ನೂಲಿನ ತುಂಡೊಂದನ್ನು ಸೇಲಂ ಮೇಲಿಟ್ಟು ರೈಲು ದಾರಿಯ ಗುಂಟ ಹಾಸಿಕೊಂಡು ಹೋಗುವರು. ಮೊರಪ್ಪೂರು, ಜೋಲಾರ್‌ಪೇಟೆ, ಮದ್ರಾಸು, ಬೆಜವಾಡ, ವೈಜಾಗಿನ ವಾಲ್ಟೇರು. ಅಲ್ಲಿಂದಾಚೆ ಬರೀ ಹಸಿರು ಬಣ್ಣ, ಹೆಸರಿಲ್ಲ. ನೂಲಿನ ತುದಿಯನ್ನು ಆ ಹಸಿರಿನ ಮೇಲೆ ಬಿಟ್ಟು ಕೂತಿರುವರು.

ನನಗೆ ಓದು ಅಷ್ಟಕ್ಕಷ್ಟೆ. ಆದರೂ ಹೇಳಿದೆ. "ಮಾವ, ಈ ಬುಕ್ ಬಿಳಿಯೋರ್ ಕಾಲದ್ದು. ಮಣ್ಣಗೆಯೋ ಊರು ಮೊನ್ನೆ ಮೊನ್ನೆ ಆಗಿರ್ಬೇಕು. ಚಿಕ್ಕದಾದ್ರೂ ಒಸದು ನೋಡಿ."

"ಇಷ್ಟ್ ದೊಡ್ಡ ಬುಕ್ಕಲ್ಲೇ ಇಲ್ದಿದ್ದು ಚಿಕ್ಕದ್ರಲ್ಲಿ ಇರ್ತೈತಾ?" ಪುಸ್ತಕವನ್ನೂ ಬಟ್ಟೆಯ ಹಾಗೆ ತೂಕ ನೋಡಿ, ರಟ್ಟು ಉಜ್ಜಿ ನೋಡಿ ಕೊಳ್ಳುತ್ತಿದ್ದರು. ಒಳ್ಳೇ ನೇಯ್ಗೆಗೆ ಮೋಸ ಇರಲ್ಲ ಅಂತ ನಂಬಿದ ಮನುಷ್ಯ. ಆಮೇಲೆ ತಾವಾಗಿಯೇ, "ಗುಡಿ ಇಲ್ಲ, ಕೋಟೆ ಇಲ್ಲ. ನೋಡಾಕ್ ಓಗೋ ಊರ್ನ ಬರೀತಾರಮ್ಮಾ. ದುಡಿಯಾಕ್ ಓಗೋ ಊರ್ನ ಯಾವನ್ ಬರೀತಾನೆ?" ಅಂದರು. ಯಾವ ಊರು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಒಂದ್ ಕಾಗ್ದ ಆಕ್ಬಾರ್ದಾ?" ಅಂದೆ.

"ಏನಂತ ಬರೀಲಿ?"

"ಬಾ ಅಂತ."

"ಬರ್ಬೇಡ ಅಂದೋನು ನಾನು. ಓಗ್ಬೇಕಾದ್ರೂ ನಾನೇ ಓಗ್ಬೇಕು. ಒಂದ್ ಒಳ್ಳೇ ಬುಕ್ ಸಿಗ್ಲಿ."

ಸಿಕ್ಕಿತು. ಎಪ್ಪತ್ತನಾಲ್ಕರ ಸುಮಾರಿಗೆ ಭಾಯಿ ಒಂದು ತೆಳು ಅಟ್ಲಾಸು ಎತ್ತಿಟ್ಟಿದ್ದ, ಇಸ್ಕೂಲಿನದು, ಹೊಸದು, ಮೇಲೆ ಶಾಯಿ ಚೆಲ್ಲಿತ್ತು ಅಷ್ಟೆ. ಮಾವ ಅದನ್ನು ಮನೆಗೆ ತಂದು ಬೋರಲು ಹಾಕಿದರು. ಬೆರಳು ಇಳಿಯಿತು, ನಿಂತಿತು. ಈ ಸಲ ಮೇಲಕ್ಕೆ ಹೋಗಲಿಲ್ಲ. ನಾನು ರಾಟೆ ನಿಲ್ಲಿಸಿದೆ. "ಯಾಕ್ ನಿಲ್ಲಿಸ್ದೆ? ಸುತ್ತು" ಅಂದರು, ಬೆರಳು ತೆಗೆಯದೆ.

ಆ ಹಾಳೆ ತೆರೆದೇ ಇಟ್ಟುಕೊಂಡು ದಿನಗಟ್ಟಲೆ ಕೂತರು. ನನಗೆ ನೋಡಿ ನೋಡಿ ಸಾಕಾಯಿತು. "ಇನ್ನೇನ್ ಮಾವ ಕಾಯ್ತಿದ್ದೀರಾ? ಬುಕ್ ಸಿಕ್ತಲ್ಲ, ಟಿಕೆಟ್ ತಗಳಿ" ಅಂದೆ. ಮಗನಿಗೆ ವೈಜಾಗ್ ನೋಡಿಕೊಂಡು ಬರುತ್ತೇನೆ ಅಂದರು. ನಾನು ಪುಳಿ ಅನ್ನ ಕಲಸಿ ಎಲೆಯಲ್ಲಿ ಕಟ್ಟಿಕೊಟ್ಟೆ. ರತ್ನನಿಗೆ ಅಂತ ತಾವೇ ನೇಯ್ದ ಸೀರೆ ಒಂದನ್ನು ಪಂಚೆಯೊಳಗೆ ಸುತ್ತಿಟ್ಟುಕೊಂಡರು, ನಾನು ಕಾಣಲಿಲ್ಲ ಅಂದುಕೊಂಡು. ಬೆಳಗಿನ ರೈಲಿಗೆ ಹೋದರು.

ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅದೇ ಚೀಲ, ಬುತ್ತಿ ಬಿಚ್ಚಿರಲಿಲ್ಲ.

"ಮೊರಪ್ಪೂರ್‌ನಾಗೆ ಚಾ ಕುಡಿಯಾಕಿಳ್ದೆ. ರೈಲ್ ಓಗ್ಬಿಡ್ತು. ಬಸ್ಸಿಗ್ ಬಂದೆ."

ನನ್ನ ಗಂಡ ಮಗ್ಗದಿಂದಲೇ, "ಏನಪ್ಪಾ, ಕಿರಂದೂಲು ಮೊರಪ್ಪೂರ್ ಪಕ್ಕಕ್ಕೇ ಬಂದ್ಬಿಡ್ತಾ?" ಅಂದರು. ಆ ಹೆಸರನ್ನು ನಮ್ಮ ಮನೆಯವರು ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಗಂಡನನ್ನು ದುರುಗುಟ್ಟಿ ನೋಡಿದೆ. ಬುತ್ತಿ ಬಿಚ್ಚಿ ಮೂವರಿಗೂ ಬಡಿಸಿದೆ.

ಕೈ ತೊಳೆಯಲು ಹಿತ್ತಲಿಗೆ ಬಂದಾಗ ಮಾವ ಹೇಳಿದರು. "ಎಲ್ ಇಳೀಬೇಕು, ಎಲ್ ಉಣ್ಬೇಕು, ಯಾವ್ ರೈಲ್ ಅತ್ಬೇಕು, ಎಲ್ಲಾ ಗೊತ್ತೈತಮ್ಮಾ ನಂಗೆ. ಅವ್ಳ್ ಬಾಗ್ಲು ತಟ್ಟಿ ಏನನ್ಬೇಕು ಅಂತ ಗೊತ್ತಾಗ್ಲಿಲ್ಲ. ಅದ್ನ ಯಾವ ಬುಕ್ಕಲ್ಲೂ ಬರ್ದಿಲ್ಲ."

"ತಟ್ಟಿದ್ರೆ ಸಾಕಾಗಿತ್ತು ಮಾವ. ಮಿಕ್ಕಿದ್ದ ಅವ್ಳೇ ಅಂತಿದ್ಲು."

"ಬೈತಿದ್ಲು."

"ಬೈಸ್ಕೊಂಡು, ಉಂಡ್ಕೊಂಡು ಬರ್ಬೇಕಿತ್ತು."

ನಕ್ಕರು ಅಂತ ಕಾಣುತ್ತದೆ. ಕತ್ತಲೆಯಲ್ಲಿ ಸರಿಯಾಗಿ ಕಾಣಲಿಲ್ಲ.

ಆಮೇಲೆ ಸಂತೆಗೆ ಹೋಗುವುದು ನಿಂತಿತು. ಭಾಯಿ ಯಾರ ಹತ್ತಿರವೋ ಹೇಳಿ ಕಳಿಸಿದ, ಹೊಸ ಪುಸ್ತಕ ಬಂದಿವೆ ಅಂತ. ಹೋಗಲಿಲ್ಲ. ಮಗ್ಗದ ಗುಂಡಿಗೆ ಕಾಲಿಳಿಸಿದರೆ ಎತ್ತಲು ಕಷ್ಟವಾಯಿತು. ನಾನು ಯಾರನ್ನೂ ಕೇಳದೆ ಪಳನಿಗೆ ಹೇಳಿದೆ. "ಆ ಕಡೆ ಯಾರ್ ಲಾರಿ ಓದ್ರೂ ರತ್ನಂಗ್ ಏಳಾಕೇಳು. ಅಪ್ಪಂಗೆ ಕಾಲು ಬಿದ್ದೈತೆ, ಬಂದ್ ನೋಡ್ಕೊಂಡ್ ಓಗ್ಬೇಕಂತೆ ಅಂತ."

ಮಳೆಗಾಲ ಕಳೆದ ಮೇಲೆ ಪಳನಿ ಬಂದ. ಲಾರಿ ಕೆಲಸ ಮುಗಿದು ಅವರು ಆ ಊರು ಬಿಟ್ಟಿದ್ದರು. ಒರಿಸ್ಸಾಕ್ಕೆ ಹೋದರು ಅಂತ ಒಬ್ಬ, ಬಿಹಾರಕ್ಕೆ ಅಂತ ಇನ್ನೊಬ್ಬ. ಎಲ್ಲಿ ಅಂತ ಸರಿಯಾಗಿ ಬಲ್ಲವರಿಲ್ಲ.

ಮಾವನಿಂದ ನಾನು ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟು ಯಾರಿಗೇನು ಲಾಭ? ಅವರು ಜಗಲಿಯಲ್ಲಿ ಕೂತು ಸಿಕ್ಕುಗಟ್ಟಿದ ನೂಲು ಬಿಡಿಸುತ್ತಿದ್ದರು. ಹೇಳಿದೆ. ಬೆರಳು ನಿಲ್ಲಲಿಲ್ಲ. ಆ ಸಿಕ್ಕು ಬಿಡಿಸಿದ ಮೇಲೆ, "ಅಳಿಯಂದ್ರು ಲಾರಿ ಓಡ್ಸೋರು. ದಾರಿ ತಿಳ್ದಿರ್ತೈತೆ ಅವ್ರಿಗೆ. ಎಲ್ಲೋ ಒಂದ್ ಕಡೆ ಅವ್ಳ್ ಕೈ ಬಿಡಾಕಿಲ್ಲ" ಅಂದರು.

ಅಳಿಯಂದ್ರು ಅಂದರು. ಅಲ್ಲಿಯ ತನಕ ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ ಹೆಸರೂ ಇರಲಿಲ್ಲ, ನಂಟೂ ಇರಲಿಲ್ಲ.

ಮಾರ್ಗಳಿ ತಿಂಗಳ ಚಳಿ ಮುಗಿಯುವ ಮುಂಚೆ ಮಾವ ತೀರಿಹೋದರು. ರತ್ನನಿಗೆ ತಿಳಿಸಲು ಊರು ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಅಳಿಯಂದ್ರು ಅನ್ನುವ ಆ ಒಂದು ಮಾತು ಅವಳ ಕಿವಿಗೆ ಬೀಳಬೇಕಾದದ್ದು, ನನ್ನ ಕಿವಿಗೆ ಬಿತ್ತು. ನಾನು ಅದನ್ನಿಟ್ಟುಕೊಂಡು ಏನು ಮಾಡಲಿ?