ಕೆರೆ ಅಗೆದ ಮಾಚ

ಶಿಕಾರಿಪುರದ ಹಾಲಪ್ಪ ಮೇಷ್ಟ್ರು ಇಪ್ಪತ್ತು ವರ್ಷದ ಭಾನುವಾರಗಳನ್ನೆಲ್ಲ ಊರೂರಿನ ಶಾಸನಕಲ್ಲುಗಳ ಮುಂದೆ ಕೂತೇ ಕಳೆದಿದ್ದರು. ಓದಲು ಸಿಕ್ಕಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು. ಅದನ್ನು ಪುಸ್ತಕ ಮಾಡಲು ಯಾವ ಪ್ರಕಾಶಕರೂ ಒಪ್ಪಲಿಲ್ಲ. ತಾವೇ ಅಚ್ಚು ಹಾಕಿಸೋಣವೆಂದರೆ, "ಯಾರು ಓದ್ತಾರ್ರೀ ಅದನ್ನ?" ಎಂದು ಹೆಂಡತಿ ಗಿರಿಜಮ್ಮ ಕೇಳಿದ ಮೇಲೆ ಆ ಯೋಚನೆಯನ್ನೂ ಕೈಬಿಟ್ಟಿದ್ದರು.

೧೯೫೮ರ ಸುಗ್ಗಿಯಲ್ಲಿ ಯಾವುದೋ ಪದದ ಅನುಮಾನ ಬಂದು, ಬಂದಳಿಕೆ ಊರಿನ ದಾರಿಯ ಕೆರೆ ಏರಿಗೆ ಮತ್ತೆ ಹೋದರು. ರೈತ ಬಸವಣ್ಯಪ್ಪ ಅಲ್ಲಿನ ಶಾಸನಕಲ್ಲಿಗೇ ಕುಡುಗೋಲು ಮಸೆಯುತ್ತಿದ್ದ.

"ಭಾಳ ಚಲೋ ಕಲ್ಲು ಐತ್ರೀ ಮೇಷ್ಟ್ರೇ. ಊರೋರೆಲ್ಲ ಇಲ್ಲೇ ಮಸಿಯೋದು."

ಕೊನೆಯ ಸಾಲಿದ್ದಲ್ಲಿ ಮೇಷ್ಟ್ರು ಕೈಯಾಡಿಸಿದರು. ನುಣ್ಣಗಿತ್ತು. ನೋಟ್‌ಬುಕ್ಕು ತೆರೆದರೆ ಆ ಸಾಲು ಅಲ್ಲಿತ್ತು: ಈ ಕೆರೆ ಅಗೆದವನು ಮಾಚ.

ಮೇಷ್ಟ್ರು ಆ ಸಾಲನ್ನು ಮತ್ತೊಮ್ಮೆ ಓದಿದರು. ಎಂಟುನೂರು ವರ್ಷ ಬಿಸಿಲು ಮಳೆಗೆ ಜಗ್ಗದೆ ನಿಂತಿದ್ದ ಮನುಷ್ಯ ಈಗ ಇಡೀ ಭೂಮಿಯ ಮೇಲೆ ತಮ್ಮ ಪೆನ್ಸಿಲ್ಲಿನ ಒಂದು ಸಾಲಿನಲ್ಲಿ ಮಾತ್ರ ಉಳಿದಿದ್ದಾನೆ!

ಮನೆಗೂ ಹೋಗದೆ ಶಿವಮೊಗ್ಗದ ಬಸ್ಸು ಹತ್ತಿದರು.

"ಎಷ್ಟು ಪ್ರತಿ ಬೇಕ್ರೀ?" ಎಂದು ಪ್ರೆಸ್ಸಿನವನು ಕೇಳಿದ.

ನೋಟ್‌ಬುಕ್ಕನ್ನು ಕೈಬಿಡಲಾರದೆ ಹಿಡಿದುಕೊಂಡೇ ಮೇಷ್ಟ್ರು ಹೇಳಿದರು: "ಒಂದಕ್ಕಿಂತ ಹೆಚ್ಚು ಎಷ್ಟಾದ್ರೂ ಹಾಕ್ರೀ."